ಬಿಟ್ಟಿ ಕೂಳು

"ಮೊಹರು ಒತ್ತಲ್ಲ ಅಂದ್ರೆ ಒತ್ತಲ್ಲ" ಎಂದು ಬೊಂಗ್‌ಛೀ ಅಜ್ಜಿ ಸುರಂಗದ ಕಬ್ಬಿಣದ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. ಎದುರಿಗೆ ಪಟ್ಟಣ ಕಚೇರಿಯ ಗುಮಾಸ್ತ ಲಾನ್, ಕೈಯಲ್ಲಿ ಒಂದು ಹಾಳೆ. ಅವನ ಹಿಂದೆ ಬಿಳಿ ದಿರಿಸಿನ ಇಬ್ಬರು, ಬೆನ್ನ ಮೇಲೆ ಹುಳ ಕೊಲ್ಲುವ ಹೊಗೆ ಬಿಡುವ ಔಷಧಿಯ ಡಬ್ಬ. ಕಲ್ಲಿದ್ದಲು ತೆಗೆಯುವುದು ನಿಂತು ಮೂವತ್ತು ವರ್ಷವಾಗಿ, ಈಗ ಬಾವಲಿಗಳು ತುಂಬಿರುವ ಆ ಸುರಂಗದ ಬಾಯಿ ಇರುವುದು ಅಜ್ಜಿಯ ಹಿತ್ತಲಲ್ಲಿ. ಸಹಿಯ ಬದಲು ಒತ್ತುವ ಅವಳ ಹೆಸರಿನ ಮೊಹರಿಲ್ಲದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಕಾನೂನು ಕೂಡ ಅಪ್ಪಿತಪ್ಪಿ ಒಮ್ಮೊಮ್ಮೆ ಒಳ್ಳೆಯದನ್ನು ಮಾಡುತ್ತದೆ.

"ಆಮಾ, ಬಾವಲಿಗಳನ್ನ ಯಾರು ಮುಟ್ತಾರೆ?" ಅಂದ ಲಾನ್. ಊರಿನವರೆಲ್ಲ ಅಜ್ಜಿಯರನ್ನು ಕರೆಯುವುದು 'ಆಮಾ' ಎಂದೇ. "ಬಾವಲಿ ಅಂದ್ರೆ ಭಾಗ್ಯ. ಬೋರ್ಡ್ ಹಾಕ್ಸಿರೋರೇ ನಾವಲ್ವಾ?"

ಹಾಕಿಸಿದ್ದರು, ಸುಳ್ಳಲ್ಲ. ಚೀನೀ ಭಾಷೆಯಲ್ಲಿ ಬಾವಲಿಯ ಹೆಸರಲ್ಲೂ 'ಫು', ಭಾಗ್ಯವೆಂದರೂ 'ಫು'. ಅದೊಂದನ್ನೇ ಹಿಡಿದುಕೊಂಡು ಕಚೇರಿಯವರು 'ಭಾಗ್ಯದ ಸುರಂಗ' ಎಂದು ಕೆಂಪು ಬೋರ್ಡು ನೆಟ್ಟು, ರಾಜಧಾನಿ ತೈಪೆಯಿಂದ ಬಸ್ಸುಗಟ್ಟಲೆ ಜನರನ್ನು ತಂದು ಬಾಗಿಲ ಮುಂದೆ ನಿಲ್ಲಿಸುತ್ತಿದ್ದರು. ಹೋದ ಭಾನುವಾರ ಒಬ್ಬ ಹೆಂಗಸಿನ ಕಾಲರಿನ ಮೇಲೆ ರೆಕ್ಕೆಯಿಲ್ಲದ, ಜೇಡದಂಥ ನೊಣವೊಂದು ಹರಿದಾಡಿತು. ಬಾವಲಿಯ ರೋಮದೊಳಗೆ ಬಾಳುವ ನೊಣ. ಮನುಷ್ಯರ ಸಹವಾಸ ಅದಕ್ಕೆ ಬೇಕಿಲ್ಲ, ಪಾಪ, ದಾರಿ ತಪ್ಪಿ ಬಿದ್ದಿತ್ತು. ಆದರೆ ಆ ಹೆಂಗಸು ಕಿರುಚಿದ್ದು ಯಾರದೋ ಫೋನಿನಲ್ಲಿ ಸೆರೆಯಾಗಿ ಊರೆಲ್ಲ ಸುತ್ತಿತು. ಇವರಿಗೆ ಭಾಗ್ಯ ಬೇಕು, ಭಾಗ್ಯದ ಮೈಮೇಲಿನ ಹುಳ ಬೇಡ.

"ನಾವು ಹೊಡೆಯೋದು ನೊಣಕ್ಕೆ ಮಾತ್ರ, ಆಮಾ."

"ಅದನ್ನ ಆ ಹೊಗೆಗೆ ಯಾರು ಹೇಳ್ತಾರೆ? ನೀನು ಹೇಳ್ತೀಯಾ? ಒಳಗೆ ಬಾವಲಿಗಳು ಮರಿ ಹಾಕಿ ಇನ್ನೂ ವಾರ ಆಗಿಲ್ಲ. ಮೈಮೇಲೆ ಒಂದು ಕೂದಲಿಲ್ಲ. ಮೇಲೆ ಗುಂಪುಗುಂಪಾಗಿ ಅಂಟ್ಕೊಂಡಿವೆ. ಅವು ಎಲ್ಲಿಗೆ ಹಾರ್ತಾವೆ?"

"ಮೇಲಿನವರು ವಿಚಾರ ಮಾಡೇ ಬರೆದಿರ್ತಾರೆ."

"ನಿನ್ನ ಮೇಲಿನವರು ಒಂದು ಸಲನಾದ್ರೂ ಒಳಗೆ ಬಂದು ತಲೆ ಎತ್ತಿ ನೋಡಿದಾರಾ?"

ಲಾನ್ ಕುತ್ತಿಗೆಯ ಬೆವರು ಒರೆಸಿಕೊಂಡ. "ಅಲ್ಲ ಆಮಾ, ಆ ನೊಣಕ್ಕೋಸ್ಕರ ಇಷ್ಟು ಹಠನಾ? ಇನ್ನೊಬ್ಬರ ರಕ್ತ ಕುಡ್ಕೊಂಡು ಬಿದ್ದಿರುತ್ತೆ. ಬಿಟ್ಟಿ ಕೂಳಿನದು."

ಆ ಮಾತು ಕಿವಿಗೆ ಬಿದ್ದದ್ದೇ ತಡ, ಅಜ್ಜಿಗೆ ಮೈಯೆಲ್ಲ ಉರಿದುಹೋಯಿತು.

"ನನ್ನ ಹೆಸರಿನ ಅರ್ಥ ಗೊತ್ತೇನೋ ನಿನಗೆ?"

"ಇಲ್ಲ ಆಮಾ. ಹಳೇ ಕಾಲದ ಹೆಸರು..."

"'ಹುಟ್ಟಿಬಿಟ್ಟಿದೆ, ಹೇಗೋ ಸಾಕೋಣ' ಅಂತ. ನಾಲ್ಕನೇ ಹೆಣ್ಣು ನಾನು. ಹತ್ತು ತಿಂಗಳ ಕೂಸನ್ನ ಈ ಮನೆಗೆ ಕೊಟ್ರು, ಸಾಕ್ಕೊಳ್ಳಿ, ಬೆಳೆದ ಮೇಲೆ ಸೊಸೆ ಮಾಡ್ಕೊಳ್ಳಿ ಅಂತ. ಬಟ್ಟಲಿಗೆ ಗೆಣಸಿನ ಗಂಜಿ ಹಾಕುವಾಗೆಲ್ಲ ಅತ್ತೆ ಅನ್ನೋಳು, ಬಂತು ನೋಡಿ ಬಿಟ್ಟಿ ಕೂಳು. ಹದಿನಾಲ್ಕು ವರ್ಷಕ್ಕೆ ಇದೇ ಸುರಂಗದಲ್ಲಿ ಇದ್ದಲಿನ ಗಾಡಿ ತಳ್ಳಿದೆ. ಅವಳು ತಿಂದ ಅನ್ನ ನನ್ನ ಬೆವರಿಂದು. ಆದ್ರೂ ಸಾಯೋವರೆಗೆ ಅವಳ ಬಾಯಲ್ಲಿ ನಾನು ಬಿಟ್ಟಿ ಕೂಳೇ!"

ಡಬ್ಬ ಹೊತ್ತವರಿಬ್ಬರೂ ನೆಲ ನೋಡತೊಡಗಿದರು. ಅಜ್ಜಿ ಬಿಡಲಿಲ್ಲ.

"ಆ ನೊಣನ ನೀನು ಸರಿಯಾಗಿ ನೋಡಿದೀಯಾ? ಬಾವಲಿ ಸಂಶೋಧನೆಗೆ ಅಂತ ಇಲ್ಲಿಗೆ ಬರ್ತಿದ್ದ ಹುಡುಗಿಗೆ ಆರು ವರ್ಷ ಟಾರ್ಚ್ ಹಿಡಿದೋಳು ನಾನು. ಮನೆ ನೊಣದ ಹಾಗೆ ಕಂಡಲ್ಲಿ ನೂರಾರು ಮೊಟ್ಟೆ ಉದುರಿಸಿ ಹೋಗಲ್ಲ ಅದು. ಒಂದು ಸಲಕ್ಕೆ ಒಂದೇ ಮರಿ. ಹೊಟ್ಟೆಯೊಳಗೇ ಹಾಲು ಕೊಟ್ಟು ಬೆಳೆಸುತ್ತೆ. ದಿನ ತುಂಬಿದ ಮೇಲೆ ಬಾವಲಿಯ ಬೆಚ್ಚನೆ ಮೈ ಬಿಟ್ಟು ಗೋಡೆಗೆ ಇಳಿದು, ಮರಿನ ಅಲ್ಲಿಟ್ಟು, ಮೈಯಿಂದ ಒತ್ತಿ ಒತ್ತಿ ಅಂಟಿಸುತ್ತೆ. ಗೋಡೆ ಮೇಲಿನ ಕಪ್ಪು ಚುಕ್ಕೇನ ನಿಮ್ಮ ಕಚೇರಿಯವರು ಬಾಗಿಲಲ್ಲೇ ನಿಂತು ಇಣುಕಿ ಕೊಳೆ ಅಂತ ಬರ್ಕೊಂಡು ಹೋದ್ರಲ್ಲ, ಅದು ಕೊಳೆ ಅಲ್ಲ, ಅದರ ಮಕ್ಕಳು! ಬಾವಲಿ ಸತ್ರೆ ನೊಣಾನೂ ಸಾಯುತ್ತೆ. ಹಾಗಾಗಿ ಬಾವಲಿ ಬದುಕಿರಲಿ ಅಂತಲೇ ಅದಕ್ಕೆ ಆಸೆ. ಈ ಹಿತ್ತಲಿಗೆ ಕೊಲ್ಲೋಕೆ ಅಂತ ಬಂದಿರೋರು ನೀವೇ ಮೊದಲು."

ಲಾನ್ ಕೆಟ್ಟವನಲ್ಲ, ಹೇಳಿದ್ದನ್ನು ಮಾಡುವವನು, ಅಷ್ಟೇ. ಎಷ್ಟೋ ಅನಾಹುತಗಳಿಗೆ ಅಷ್ಟೇ ಸಾಕಾಗುತ್ತದೆ. "ಮೊಹರು ಬಿದ್ದಿರೋ ಹಾಳೆ ಮಧ್ಯಾಹ್ನದೊಳಗೆ ಟೇಬಲ್ ಮೇಲಿರಬೇಕು, ಆಮಾ. ಇಲ್ಲದಿದ್ರೆ ನನ್ನನ್ನ ಹರಿದು ಹಾಕ್ತಾರೆ" ಎಂದು ಗೋಗರೆದ.

ಅಜ್ಜಿ ಒಂದು ಗಳಿಗೆ ಅವನ ಮುಖ ನೋಡಿದಳು. "ಏನು ಬರೆದಿದೆ ಅದರಲ್ಲಿ? ನನಗೆ ಓದೋಕೆ ಬರಲ್ಲ. ಓದು."

"ನಾಶಪಡಿಸಬೇಕಾದ ಪರೋಪಜೀವಿಗಳು. ಒಂದು, ಬಾವಲಿ ನೊಣ. ಎರಡು, ಬಾವಲಿ ನುಸಿ. ಮೂರು... ಖಾಲಿ ಇದೆ."

"ಖಾಲಿ ಯಾಕೆ?"

"ಅಂಥದ್ದೇ ಇನ್ನೇನಾದ್ರೂ ಸಿಕ್ಕಿದ್ರೆ ಸೇರಿಸೋಕೆ."

"ಎಲ್ಲಿ, ಬೆರಳಿಟ್ಟು ತೋರ್ಸು."

ತೋರಿಸಿದ. ಅಜ್ಜಿ ಸೊಂಟದ ಚೀಲದಿಂದ ತನ್ನ ಹೆಸರು ಕೊರೆದ ಮರದ ಮೊಹರನ್ನು ತೆಗೆದಳು. ಲಾನನಿಗೆ ಹೋದ ಜೀವ ಬಂದಂತಾಗಿ, ಕೆಂಪು ಶಾಯಿಯ ಡಬ್ಬಿಯನ್ನು ತಾನೇ ಮುಚ್ಚಳ ತೆರೆದು ಹಿಡಿದ. ಅಜ್ಜಿ ಮೊಹರನ್ನು ಶಾಯಿಗೆ ಅದ್ದಿ, ಬಾಗಿ, ಇದ್ದ ಬಲವನ್ನೆಲ್ಲ ಹಾಕಿ ಒತ್ತಿದಳು.

"ಅಯ್ಯೋ ಆಮಾ! ಅಲ್ಲಲ್ಲ! ಕೆಳಗೆ, ಕೆಳಗೆ, ಜಾಗದ ಒಡತಿ ಅಂತ ಇರೋ ಕಡೆ!"

"ಗೊತ್ತು."

ಸರ್ಕಾರಿ ಹಾಳೆಯ ಮೇಲೆ ಒಮ್ಮೆ ಬಿದ್ದ ಮೊಹರನ್ನು ಅಳಿಸುವಂತಿಲ್ಲ. ಮೂರನೆಯ ಸಾಲಿನಲ್ಲಿ ಬೊಂಗ್‌ಛೀ ಎಂಬ ಹೆಸರು ಕೆಂಪಗೆ, ಇನ್ನೂ ಹಸಿಯಾಗಿತ್ತು.

ಅಜ್ಜಿ ಮೊಹರನ್ನು ತನ್ನ ಅಂಗಿಯ ಅಂಚಿಗೆ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಮತ್ತೆ ಬಾಗಿಲಿಗೆ ಬೆನ್ನು ಕೊಟ್ಟು, ಡಬ್ಬ ಹೊತ್ತವರ ಕಡೆ ತಿರುಗಿದಳು.

"ಹೂಂ, ಪಟ್ಟಿ ಪ್ರಕಾರ ಹೊಡೀರಿ. ಮೂರನೇದು ಇಲ್ಲೇ ನಿಂತಿದೆ."