ಆಮೆ ಬ್ರೇಕ್

ಅತ್ತೆಯ ಸ್ಕೂಟರ್ ಬೀದಿಯ ತಿರುವು ದಾಟಿದ್ದೇ ತಡ, ಸೊಸೆ ಹಿಂದಿನ ಕಿಟಕಿಯಿಂದ ಅವರ ಸೈಕಲ್ ಅಂಗಡಿಯೊಳಗೆ ಇಳಿದಳು.

ಅವಳು ಊರಿನ ದಂತವೈದ್ಯೆ. ಬೆಳಗ್ಗೆಯೆಲ್ಲ ಜನರ ಬಾಯಿಗೆ ಕೈಹಾಕಿ, ಮಧ್ಯಾಹ್ನ ಅತ್ತೆಯ ಮಾಲಿಗೆ ಕೈಹಾಕಲು ಬಂದಿದ್ದಳು. ಹೊರಗೆ ಕಾವಲು ನಿಂತವನು ಗಂಡ. ಅಮ್ಮನ ಮುಂದೆ ಅಮ್ಮನ ಮಗ, ಹೆಂಡತಿಯ ಮುಂದೆ ಹೆಂಡತಿಯ ಗಂಡ. ಇಬ್ಬರೂ ಎದುರಿದ್ದರೆ ಅವನಿಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು.

"ಬೇಗ ಆಗ್ಲಿ. ಅಮ್ಮ ಊಟ ಮುಗಿಸಿ ಬಂದ್ಬಿಡ್ತಾರೆ."

"ನಿಮ್ಮಮ್ಮ ಊಟ ಆದ್ಮೇಲೆ ಒಂದು ಕೋಳಿನಿದ್ದೆ ತೆಗೀದೆ ಏಳಲ್ಲ. ಬಾ, ಈ ಕಿಟಕಿ ಬಾಗಿಲು ಹಿಡ್ಕೋ."

ಮರುದಿನ ಗುಡ್ಡದ ಇಳಿಜಾರಿನಲ್ಲಿ ಮೌಂಟನ್ ಬೈಕ್ ಪಂದ್ಯ. ವರ್ಷವರ್ಷವೂ ಜಿಮ್ ನಡೆಸುವಾಕೆ ಮೊದಲು, ಇವಳು ಎರಡನೆಯವಳು. "ಎರಡನೇದೂ ಸ್ಥಾನಾನೇ ಅಲ್ವಾ ಡಾಕ್ಟ್ರೇ" ಎಂದು ಜಿಮ್ಮಿನಾಕೆ ಪ್ರತಿ ಸಲ ಬೆನ್ನು ತಟ್ಟುತ್ತಿದ್ದಳು. ಆ ತಟ್ಟುವಿಕೆ ಸೊಸೆಗೆ ಬೆನ್ನಿಗಿಂತ ಆಳಕ್ಕೆ ಇಳಿದಿತ್ತು. ಈ ಸಲ ಗೆಲ್ಲಲೇಬೇಕೆಂದು ಅಭ್ಯಾಸಕ್ಕೆ ಇಳಿದರೆ, ಹೆಸರಾಂತ ಕಂಪನಿಯ ಬ್ರೇಕು ಎಣ್ಣೆ ಕಾರಿಕೊಂಡು ಸತ್ತಿತ್ತು. ಅಂಗಡಿಯಲ್ಲಿ ಉಳಿದಿದ್ದುದು ಆಮೆ ಛಾಪಿನ ಬ್ರೇಕು ಮಾತ್ರ.

ಆಮೆ ಎಂದರೆ ಊರಿನ ಸವಾರರಿಗೆಲ್ಲ ನಗು. ಯಾವುದೋ ಸಣ್ಣ ಶೆಡ್ಡಿನಲ್ಲಿ ಕೈಯಿಂದ ಮಾಡಿದ ಮಾಲು. ವರ್ಷಕ್ಕೆ ಬರುವುದೇ ನಾಲ್ಕಾರು ಜೊತೆ. ಆಮೆ ಬ್ರೇಕ್ ಹಾಕಿದವರು ನಿಲ್ಲುವುದು ಆಸ್ಪತ್ರೆಯ ಬಾಗಿಲಲ್ಲೇ ಎಂಬ ತಮಾಷೆ ಹುಟ್ಟಿದ್ದು ಅತ್ತೆಯ ಅಂಗಡಿಯಲ್ಲಿ. ಮತ್ತೆ ಯಾಕೆ ತರಿಸುತ್ತೀರಿ ಎಂದು ಕೇಳಿದರೆ, "ಪಾಪ, ಅವರೂ ಬದುಕ್ಬೇಕಲ್ಲ" ಎನ್ನುತ್ತಿದ್ದರು.

ಸೈಕಲ್ಲಿನ ವಿಷಯದಲ್ಲಿ ಅತ್ತೆ ಹೇಳಿದ್ದೇ ಊರಿಗೆ ವೇದವಾಕ್ಯ. ಹಿರಿಯರ ಪಂದ್ಯದಲ್ಲಿ ಅವರನ್ನು ಸೋಲಿಸಿದವರು ಇನ್ನೂ ಹುಟ್ಟಿರಲಿಲ್ಲ. ಊರವರ ಸೈಕಲ್ಲುಗಳನ್ನು ಫಳಫಳ ತೊಳೆದುಕೊಡುವ ಅವರು ತಮ್ಮದಕ್ಕೆ ಮಾತ್ರ ನೀರು ಮುಟ್ಟಿಸುತ್ತಿರಲಿಲ್ಲ. ಮೆತ್ತಿದ ಕೆಸರಿನಲ್ಲೇ ಹೋಗಿ ಗೆದ್ದು ಬರುತ್ತಿದ್ದರು.

ಹಿಂದಿನ ಸಂಜೆ ಸೊಸೆ ನೇರವಾಗಿಯೇ ಕೇಳಿ ನೋಡಿದ್ದಳು.

"ಆಮೆನಾ? ನಿನ್ನ ಕೈಗಂತೂ ಕೊಡಲ್ಲ," ಎಂದಿದ್ದರು ಅತ್ತೆ. "ಈ ವರ್ಷ ಬಿಟ್ಬಿಡು. ಹಲ್ಲಿನ ಡಾಕ್ಟ್ರ ಹಲ್ಲೇ ಉದುರಿದ್ರೆ ಊರವರು ನನ್ನ ಮುಖಕ್ಕೆ ಉಗೀತಾರೆ."

ಹಾಗೆಂದವರು ಅತ್ತ ತಿರುಗಿ ಜಿಮ್ಮಿನಾಕೆಯ ಸೈಕಲ್ಲಿಗೆ, ಆಕೆ ಮೊದಲೇ ಹೇಳಿ ತರಿಸಿದ್ದ ಮಿರಮಿರ ಮಿಂಚುವ ದುಬಾರಿ ಬ್ರೇಕು ಕೂರಿಸತೊಡಗಿದರು. ಸೊಸೆಯ ತಲೆಗೆ ಹುಳ ಹೊಕ್ಕಿದ್ದು ಆಗ. ನಾನು ಗೆಲ್ಲುವುದು ಅತ್ತೆಗೆ ಬೇಕಿಲ್ಲ.

ಈಗ ಅವಳು ಮೂಲೆಯ ಗೋಣಿಚೀಲ ಸರಿಸಿದಳು. ಕೆಳಗೆ ಆಮೆಯ ಪೆಟ್ಟಿಗೆಗಳು ಒಂದರ ಮೇಲೊಂದು ಕೂತಿದ್ದವು. ಗಂಡ ಕಿಟಕಿಯಿಂದ ಕತ್ತು ಹಾಕಿ ನೋಡಿದ.

"ಯಾರೂ ಮುಟ್ಟದ ಮಾಲು ಅಂತಾರೆ. ಒಂದು ಚೂರೂ ಧೂಳಿಲ್ವಲ್ಲೇ?"

"ನಿಮ್ಮಮ್ಮ ಕಸ ಗುಡಿಸ್ತಾರೆ. ನೀನು ಗುಡಿಸಲ್ಲ, ಅದಕ್ಕೇ ನಿಂಗೆ ಆಶ್ಚರ್ಯ. ನಡಿ."

ಮರುದಿನ ಸೊಸೆ ಕದ್ದ ಬ್ರೇಕು ಕೂರಿಸಿಕೊಂಡು ಪಂದ್ಯಕ್ಕೆ ಇಳಿದಳು. ಬ್ರೇಕಿನ ಹಿಡಿಯ ಮೇಲೆ ಆಮೆಯ ಚಿತ್ರ ಅವಳನ್ನೇ ನೋಡುತ್ತಿತ್ತು. ಮೊದಲ ತಿರುವು ಬಂತು; ಆಚೆ ಪ್ರಪಾತ. ಬೆರಳು ತಾಗಿಸಿದಳು. ಚಕ್ರ ಮಾತು ಕೇಳಿತು.

ಎರಡನೆಯ ತಿರುವಿನಲ್ಲಿ ಇನ್ನೂ ತಡವಾಗಿ ಹಿಡಿದಳು. ಆಗಲೂ ಕೇಳಿತು. ಆಮೇಲೆ ಅವಳಿಗೆ ಹುಚ್ಚು ಹಿಡಿದ ಹಾಗಾಯಿತು. ಬಂಡೆ, ಬೇರು, ಜಾರುಮಣ್ಣು ಯಾವುದೂ ಲೆಕ್ಕಕ್ಕಿಲ್ಲ. ಬಾಯಿ ತೆರೆದು ನಕ್ಕಳು, ಕೆಸರು ನೇರ ಬಾಯಿಗೆ ಬಂತು, ಉಗಿದು ಮತ್ತೆ ನಕ್ಕಳು. ಮುಂದೆ ಜಿಮ್ಮಿನಾಕೆಯ ದುಬಾರಿ ಬ್ರೇಕು ಪ್ರತಿ ತಿರುವಿನಲ್ಲೂ ಊಳಿಡುತ್ತಿತ್ತು.

"ಬ್ರೇಕ್ ಹಿಡೀರಿ ಡಾಕ್ಟ್ರೇ, ಸಾಯ್ತೀರಾ," ಎಂದು ಆಕೆ ಕೂಗಿದಳು.

"ಹಿಡ್ಕೊಂಡೇ ಬರ್ತಿದ್ದೀನಿ," ಎಂದು ಸೊಸೆ ಪಕ್ಕದಲ್ಲೇ ಜಾರಿ ಮುಂದೆ ಹೋದಳು.

ಗೆರೆ ದಾಟಿದಾಗ ಹಿಂದೆ ಯಾರೂ ಕಾಣುತ್ತಿರಲಿಲ್ಲ. ಗಂಡ ಖುಷಿಯಲ್ಲಿ ಕಣ್ಣು ಮುಚ್ಚಿಕೊಂಡು ಓಡಿಬಂದು ತೀರ್ಪುಗಾರರನ್ನು ತಬ್ಬಿಕೊಂಡ. ಸೊಸೆಗೆ ನಗು ನಿಲ್ಲಲಿಲ್ಲ. ಕಣ್ಣಲ್ಲಿ ನೀರಿತ್ತು, ಹಲ್ಲೆಲ್ಲ ಕೆಸರಾಗಿತ್ತು.

ಅಷ್ಟರಲ್ಲಿ ಗುಂಪು ಸೀಳಿಕೊಂಡು ಅತ್ತೆ ಬಂದರು. ತಮ್ಮ ಪಂದ್ಯಕ್ಕೆ ಹೆಲ್ಮೆಟ್ ಹಾಕಿಕೊಂಡು ಸಿದ್ಧವಾಗಿದ್ದರು. ಗಂಡನಿಗೆ ತಕ್ಷಣ ಎಲ್ಲೋ ಕೆಲಸ ನೆನಪಾಯಿತು. ಅತ್ತೆ ಸೊಸೆಯ ಸೈಕಲ್ಲನ್ನು ಒಮ್ಮೆ ನೋಡಿದರು. ಒಂದು ಕೈಯಲ್ಲಿ ಸೈಕಲ್ಲು, ಇನ್ನೊಂದರಲ್ಲಿ ಸೊಸೆಯ ಮೊಣಕೈ ಹಿಡಿದು ದರದರ ಎಳೆದುಕೊಂಡು ಹೋಗಿ ನೀರಿನ ಟ್ಯಾಂಕಿನ ಹಿಂದೆ ನಿಲ್ಲಿಸಿದರು.

ಸೊಸೆಗೆ ಗೆದ್ದ ಧೈರ್ಯವಿತ್ತು.

"ಕದ್ದಿದ್ದು ತಪ್ಪೇ, ಅತ್ತೆ. ಆದ್ರೆ ನೀವು ಹೇಳಿದ್ದೂ ಸುಳ್ಳು. ಈ ಆಮೆ ಚಿನ್ನ. ನಂಗ್ಯಾಕೆ ಬೇಡ ಅಂದ್ರೋ ಗೊತ್ತಿಲ್ಲ. ಈಗ ಮೈಕ್ ಕೊಟ್ರೆ ಎಲ್ರಿಗೂ ಹೇಳ್ತೀನಿ."

ಅತ್ತೆ ಆ ಕಡೆ ನೋಡಿದರು, ಈ ಕಡೆ ನೋಡಿದರು. ಬಗ್ಗಿ, ಟ್ಯಾಂಕಿನ ಬುಡದಿಂದ ಒಂದು ಹಿಡಿ ಒದ್ದೆ ಮಣ್ಣು ಎತ್ತಿ, ಆಮೆಯ ಚಿತ್ರ ಮುಚ್ಚಿಹೋಗುವಂತೆ ದಪ್ಪಗೆ ಮೆತ್ತಿದರು. ಕೈ ಪಳಗಿತ್ತು. ಆಮೇಲೆ ಸೊಸೆಯ ಕಿವಿಯ ಹತ್ತಿರ ಬಾಯಿ ತಂದರು.

"ಮೆಲ್ಲಗೆ ಮಾತಾಡೇ. ಆಮೆಗೆ ಈ ಕೆಟ್ಟ ಹೆಸರು ತರೋಕೆ ನನ್ನ ಅರ್ಧ ಆಯಸ್ಸು ಹೋಗಿದೆ. ಒಂದೇ ಬೆಳಗ್ಗೇಲಿ ಹಾಳು ಮಾಡ್ಬೇಡ."