ಹೊಗೆಮಲೆಯ ನಾಲ್ಕನೇ ಭಾಗ

“ಮುದುಕನನ್ನು ಮೊದಲೇ ಮುಗಿಸಬೇಕಿತ್ತು” ಎಂದ ಚಂದ್ರು.

ಜಗಲಿಯಲ್ಲಿ ಕೂತಿದ್ದ ಓದುಗರೆಲ್ಲ ಒಮ್ಮೆಗೇ ಅವನತ್ತ ತಿರುಗಿದರು. ಆಡಿದ್ದು ಪುಸ್ತಕದ ಮಾತು, ನಿಜ. ಆದರೂ ರಮ್ಯ ಕಾಫಿ ಲೋಟವನ್ನು ಕೆಳಗಿಟ್ಟಳು. ಚಂದ್ರುವಿನ ಮನೆಯಲ್ಲೂ ಒಬ್ಬರು ಮುದುಕರಿದ್ದರು.

ಕಕ್ಕಬೆಯ ಈ ಓದುಗರ ಕೂಟವನ್ನು ಕಟ್ಟಿದವಳೇ ರಮ್ಯ. ತಿಂಗಳಿಗೊಂದು ಭಾನುವಾರ, ಅತಿಥಿಗಳೆಲ್ಲ ಹೊರಟ ಮೇಲೆ, ಅವಳ ಹೋಮ್‌ಸ್ಟೇಯಲ್ಲಿ ನಾಲ್ಕು ಜನ ಸೇರಿ ಒಂದು ಪುಸ್ತಕವನ್ನು ಹಿಡಿದು ಜಾಡಿಸುತ್ತಿದ್ದರು. ಇವತ್ತು ಸಿಕ್ಕಿಬಿದ್ದಿದ್ದು ‘ಹೊಗೆಮಲೆ’ ಮಾಲೆಯ ನಾಲ್ಕನೇ ಭಾಗ. ಮೊದಲ ಮೂರರಲ್ಲಿ ಮಾತಾಡುವ ಹಕ್ಕಿ, ಹಾರುವ ದೋಣಿ, ತಬ್ಬಲಿ ರಾಜಕುಮಾರನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಮುದಿ ದೊರೆ. ನಾಲ್ಕನೆಯದರಲ್ಲಿ ಹಕ್ಕಿ ಮೂಕವಾಗಿದೆ, ದೋಣಿ ಮುಳುಗಿದೆ. ಶತ್ರುವಿನ ಜೊತೆ ಸೇರಿದ ರಾಜಕುಮಾರನಿಗೆ ದೊರೆಯೇ ವಿಷವಿಕ್ಕುತ್ತಾನೆ.

“ಇದು ಮಕ್ಕಳ ಕೈಗೆ ಕೊಡೋ ಪುಸ್ತಕವಾ?” ತಂಗಮ್ಮ ಟೀಚರ್ ಸಿಡುಕಿದರು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಅವರ ದನಿಯಿಂದ ಬೆತ್ತ ಇಳಿದಿರಲಿಲ್ಲ. “ಮೂರು ಭಾಗ ತುತ್ತು ಕಲಸಿ ಕೊಟ್ಟ ಕೈ ಅದು. ವಿಷ ಕೊಡ್ತದಾ? ನಂಗಂತೂ ನಂಬಿಕೆ ಬರಲಿಲ್ಲ.”

“ಕಥೆ ಬೆಳೆದಿದೆ ಟೀಚರ್, ನಾವೂ ಬೆಳೀಬೇಕು.” ಮೋಕ್ಷಿತ್ ಮಡಿಕೇರಿಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು, ಟೀಚರ್ ಏನೆಂದರೂ ಅವನದು ಅದಕ್ಕೆ ಎದುರು. “ನಂಗೆ ನಾಲ್ಕರಲ್ಲಿ ಇದೇ ಇಷ್ಟ. ಆದ್ರೆ ವಿಷ ತಿಂದವ ಬೆಟ್ಟ ಇಳಿದು, ಹೊಳೆ ದಾಟಿ, ಪರರ ಮನೆಯಲ್ಲಿ ಬಿದ್ದು ಸಾಯೋದು ಸ್ವಲ್ಪ ಜಾಸ್ತಿಯಾಯ್ತು.”

“ಎಷ್ಟು ಹೊತ್ತು ಬೇಕಾಗ್ತದೆ?” ಚಂದ್ರು ಕೇಳಿದ.

“ಎಂತಕ್ಕೆ?”

“ವಿಷ ಏರ್ಲಿಕ್ಕೆ. ನಿಜವಾಗಿ ಆದ್ರೆ?”

“ನನ್ನನ್ನು ಕೇಳಿದ್ರೆ? ನಾನು ಕನ್ನಡ ಮೇಷ್ಟ್ರು ಮಾರಾಯ!” ಮೋಕ್ಷಿತ್ ನಕ್ಕ. ರಮ್ಯಳಿಗೆ ನಗು ಬರಲಿಲ್ಲ.

ಊರ ಬಾಯಿಗೆ ಬೀಗವಿಲ್ಲ. ತೋಟವನ್ನು ರೆಸಾರ್ಟಿನವರಿಗೆ ಕೊಟ್ಟುಬಿಡೋಣ ಎಂದು ಚಂದ್ರು, ನಾನು ಸತ್ತ ಮೇಲೆ ಕೊಟ್ಟುಕೋ ಎಂದು ಅವನ ದೊಡ್ಡಪ್ಪ ಅಪ್ಪಯ್ಯ. “ಹಾಗಾದ್ರೆ ಬೇಗ ಸಾಯಿ” ಎಂದು ಚಂದ್ರು ಕಣದಲ್ಲಿ ಕೂಗಿದ್ದನ್ನು ಕಾಫಿ ಹಣ್ಣಿನ ಪಿಕಿಂಗಿಗೆ ಬಂದವರೆಲ್ಲ ಕೇಳಿದ್ದರು. ಅಪ್ಪಯ್ಯ ಎಂದರೆ ರಮ್ಯಳಿಗೆ ಜೀವ. ಅವಳಿಗೆ ಓದಲು ಕಲಿಸಿದವರೇ ಅವರು. ತೊಡೆಯ ಮೇಲೆ ಕೂರಿಸಿಕೊಂಡು, ಅಕ್ಷರದ ಮೇಲೆ ಬೆರಳಿಟ್ಟು. ಹೆತ್ತವರಿಲ್ಲದ ಈ ಚಂದ್ರುವನ್ನೂ ಅದೇ ತೊಡೆಯ ಮೇಲೆ ಬೆಳೆಸಿದ್ದರು. ಈಗ ಆ ಮನೆಯಲ್ಲಿ ಇರುವುದು ಅವರಿಬ್ಬರೇ.

“ಯಾವತ್ತೂ ಬಾರದವ ಇವತ್ತೆಂತ ಬಂದದ್ದು?” ರಮ್ಯ ಕೇಳಿದಳು.

“ದೊಡ್ಡಪ್ಪ ಕಳಿಸಿದ್ದು. ಪುಸ್ತಕವೂ ಅವರದ್ದೇ. ಹೋಗಿ ಜನರ ಜೊತೆ ಕೂತು ಬಾ ಅಂದ್ರು.”

ಸುಳ್ಳು, ಅಂದುಕೊಂಡಳು ರಮ್ಯ. ತಿಂಗಳಿಂದ ಅವರಿಬ್ಬರಿಗೆ ಮಾತೇ ಇಲ್ಲ ಎಂಬುದು ತೋಟದ ಆಳುಗಳ ಲೈನಿನ ಮಕ್ಕಳಿಗೂ ಗೊತ್ತು.

ಕೋಡುಬಳೆಯ ತಟ್ಟೆ ಮುಂದಿಟ್ಟರೆ ಚಂದ್ರು ತಲೆಯಾಡಿಸಿದ. ಮನೆಯಲ್ಲೇ ಊಟ ಭರ್ಜರಿಯಾಗಿದೆ, ಬೇಡ ಎಂದ. ಮತ್ತೆ ನೀರು ಕೇಳಿದ. ತಂಡಿಗೆ ಟೀಚರ್ ಶಾಲು ಹೊದ್ದು ಕೂತಿದ್ದರು, ಇವನ ಹಣೆಯಲ್ಲಿ ಮಾತ್ರ ಬೆವರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನನ್ನು ಯಾರೂ ಏನೂ ಅನ್ನದೆಯೇ ಈ ಅವಸ್ಥೆ. ಸಭೆ ಮುಗಿದದ್ದೇ ಅಪ್ಪಯ್ಯಜ್ಜನನ್ನು ಇಲ್ಲಿಗೆ ಕರೆತರಬೇಕು, ನಾಲ್ಕು ದಿನ ಇಟ್ಟುಕೊಳ್ಳಬೇಕು ಎಂದು ರಮ್ಯ ನಿಶ್ಚಯಿಸಿದಳು.

“ಟೀಚರ್, ಒಂದು ಮಾತು” ಚಂದ್ರು ತೊದಲಿದ. “ಸಾಕಿದವರು ಹಾಗೆ ಮಾಡುದಿಲ್ಲ, ಅಲ್ವಾ?”

“ಅದನ್ನೇ ನಾನು ಹೇಳ್ತಾ ಇರುದು! ಬರೆದವರಿಗೆ ಬುದ್ಧಿ ಬೇಡ್ವಾ?” ಟೀಚರ್ ಪುಸ್ತಕವನ್ನು ಮುಚ್ಚಿ ಬದಿಗಿಟ್ಟರು.

ಆಗಲೇ ಮೇಲಿನ ಬೆಟ್ಟದಿಂದ ಕೋವಿಯ ಸದ್ದು ಕೇಳಿತು. ಅದರ ಬೆನ್ನಿಗೇ ಇನ್ನೊಂದು.

ಎಲ್ಲರೂ ಎದ್ದು ನಿಂತರು. ಒಂಟಿ ಗುಂಡಾಗಿದ್ದರೆ ಯಾರೋ ಹಂದಿಯನ್ನೋ ಆನೆಯನ್ನೋ ಓಡಿಸುತ್ತಿದ್ದಾರೆ ಎನ್ನಬಹುದಿತ್ತು. ಜೋಡಿ ಗುಂಡಿಗೆ ಈ ಊರಿನಲ್ಲಿ ಒಂದೇ ಅರ್ಥ. ಗುಂಡು ಹಾರಿದ ಮನೆಯಲ್ಲಿ ಸಾವಾಗಿದೆ, ಕೈಯಲ್ಲಿದ್ದ ಕೆಲಸ ಬಿಟ್ಟು ಬನ್ನಿ. ಟೀಚರ್ ಕೈಮುಗಿದರು.

“ಅಪ್ಪಯ್ಯನವರ ಮನೆ ಕಡೆಯಿಂದಲ್ವಾ?” ಮೋಕ್ಷಿತ್ ಮೆಲ್ಲಗೆ ಕೇಳಿದ.

ಚಂದ್ರು ಕಂಬ ಹಿಡಿದು ನಿಂತಿದ್ದ. ಅವನ ತುಟಿ ಬಣ್ಣಗೆಟ್ಟಿತ್ತು.

“ಪಾಪಿ!” ರಮ್ಯ ಕೂಗಿಬಿಟ್ಟಳು. “ಅಜ್ಜನಿಗೆ ಎಂತ ಕೊಟ್ಟು ಬಂದೆ? ಸಾಕ್ಷಿಗೆ ನಾವು ಬೇಕಾಯ್ತಾ ನಿನಗೆ?”

ಅವನು ಕಂಬಕ್ಕೇ ಒರಗಿ ಹಾಗೇ ಕೆಳಗೆ ಕುಸಿದು ಕೂತ. ಮಾಡುವುದೆಲ್ಲ ಮಾಡಿ ಈಗ ನಾಟಕ ಬೇರೆ ಎಂದು ರಮ್ಯಳಿಗೆ ಮೈಯೆಲ್ಲ ಉರಿಯಿತು. ಅವನಿಗೆ ಬೆನ್ನು ಹಾಕಿ, ಅಳುತ್ತಲೇ ಅಪ್ಪಯ್ಯನ ಮನೆಗೆ ಫೋನು ಹಚ್ಚಿದಳು. ಗುಂಡು ಹೊಡೆದವರು ಯಾರಾದರೂ ಎತ್ತಿಯಾರು, ಕೊನೆಯ ಗಳಿಗೆ ಹೇಗಿತ್ತೆಂದಾದರೂ ಹೇಳಿಯಾರು.

“ಹಲೋ” ಎಂದಿತು ಆ ಕಡೆಯ ದನಿ. ಅದು ಅಪ್ಪಯ್ಯನದೇ.

“ಅಜ್ಜ! ದೇವರೇ, ನೀವು ಇದ್ದೀರಾ!” ರಮ್ಯಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. “ಗುಂಡು ಹೊಡೆದದ್ದು ಯಾರು? ಹೋದದ್ದು ಯಾರು ಅಲ್ಲಿ?”

“ಹೊಡೆದದ್ದು ನಾನೇ ಮಗಾ” ಎಂದರು ಅಪ್ಪಯ್ಯ, ಹಿಂದೆ ಅವಳಿಗೆ ಕಥೆ ಓದಿ ಹೇಳುತ್ತಿದ್ದ ಅದೇ ಸಮಾಧಾನದಲ್ಲಿ. “ಚಂದ್ರು ಇನ್ನೂ ಬಿದ್ದಿಲ್ವಾ?”