ಒಣದ್ರಾಕ್ಷಿ ಕುದಿದ ಶನಿವಾರ

ಒಣದ್ರಾಕ್ಷಿ ಕುದಿಯುವ ವಾಸನೆ ಬಂದರೆ ಈಗಲೂ ಬಾಗಿಲ ಚಿಲಕದತ್ತ ನೋಡುತ್ತೇನೆ.

ಆಂಟಾಪ್ ಹಿಲ್‌ನ ನಮ್ಮ ಒಂದೇ ಕೋಣೆಯ ಖೋಲಿಯಲ್ಲೇ ಆಗ ಹೊಸ ಕ್ರೈಸ್ತ ಸಭೆ ಕೂಡುತ್ತಿತ್ತು. ಅಪ್ಪ ಅದರ ಹಿರಿಯ. ಮರುದಿನದ ಪ್ರಭುಭೋಜನಕ್ಕೆ ದ್ರಾಕ್ಷಾರಸ ಬೇಕೆಂದು ಆ ಶನಿವಾರ ಮಧ್ಯಾಹ್ನ ಅಪ್ಪ ದ್ರಾಕ್ಷಿ ಕುದಿಸುತ್ತಿದ್ದಾಗ ಹವಾಲ್ದಾರ ಲಾಠಿಯಿಂದ ಬಾಗಿಲು ಬಡಿದ. ಪಾನನಿಷೇಧದ ಕಾಲ, ವಾಸನೆ ಹಾದಿಯವರೆಗೂ ಹೋಗಿತ್ತು.

“ದಾರೂ ಬನಾತಾ ಹೈ ಕ್ಯಾ?” ಸಾರಾಯಿ ಕಾಸುತ್ತಿದ್ದೀಯಾ ಎಂದು ಹೊರಗಿನಿಂದಲೇ ಗದರಿದ.

“ಉಸಿರ ಬಿಡಬ್ಯಾಡ,” ಎಂದು ಅವ್ವ ನನ್ನನ್ನು ಕೆಳಕ್ಕೆಳೆದು ಕೂರಿಸಿದಳು. ಅಪ್ಪ ಚಿಲಕ ತೆಗೆದು ಒಂದು ಲೋಟ ತುಂಬಿ ಚಾಚಿದ. ಕೈ ಅಲುಗಲಿಲ್ಲ. ಧೋತರದೊಳಗೆ ಮೊಣಕಾಲು ಗಡಗಡ ನಡುಗುತ್ತಿದ್ದುದು ನೆಲದಲ್ಲಿದ್ದ ನನಗಷ್ಟೇ ಕಂಡಿತು.

ಹವಾಲ್ದಾರ ಕುಡಿದು, “ಸರಬತ್,” ಎಂದು ಮುಖ ಕಿವುಚಿ ಹೊರಟುಹೋದ.

ಭಾನುವಾರ ಅಪ್ಪ ಬೈಬಲ್ ಹಿಡಿದು ನಿಂತು, “ಅಂಜಬೇಡಿರಿ,” ಎಂದು ಗಟ್ಟಿಯಾಗಿ ಓದಿದ. ಎಲ್ಲರೂ ಅವನ ಮುಖ ನೋಡುತ್ತಿದ್ದರು. ನಾನು ಮೊಣಕಾಲು ನೋಡುತ್ತಿದ್ದೆ.